ಹ್ಯಾಂಡ್‌ಬಿಲ್ ಇಲ್ಲದ ಕುಸ್ತಿ

ನಮ್ಮ ಕಡೆ ಜಾತ್ರೆ ಅಂದ್ರೆ ತೇರು, ನಾಟಕ, ಕುಸ್ತಿ. ಈ ಮೂರೂ ಇರಲೇಬೇಕು. ಬಾದಾಮಿ ಬನಶಂಕರಿ ಜಾತ್ರೆಯ ನಾಟಕಗಳ ಬಗ್ಗೆ ನೀವು ಕೇಳಿರ್ತೀರಿ. ಬನದ ಹುಣ್ಣಿಮೆಗೆ ತೇರು ಎಳೆದಾದ ಮೇಲೂ ವಾರಗಟ್ಟಲೆ ಕಂಪನಿಗಳು ಅಲ್ಲೇ ಬೀಡು ಬಿಟ್ಟಿರ್ತವೆ. ಆದರೆ ಹುನಗುಂದ, ಇಳಕಲ್, ಬಾಗಲಕೋಟೆ ಸುತ್ತಲಿನ ಸಣ್ಣ ಊರುಗಳ ಜಾತ್ರೆಗೆ ಕಳೆ ಕಟ್ಟೋದು ಕುಸ್ತಿ ಕಣದಲ್ಲಿ ಹಲಗಿ ಸದ್ದು ಶುರುವಾದಾಗ.

ಕುಸ್ತಿಗೂ ಮುಂಚೆ ಊರಿಗೆ ಬರೋದು ಅದರ ಹ್ಯಾಂಡ್‌ಬಿಲ್. ತೆಳ್ಳನೆ ಹಳದಿ ಅಥವಾ ಗುಲಾಬಿ ಕಾಗದ. ಮೇಲೆ ಊರ ದೇವರ ಹೆಸರು, ಅದರ ಕೆಳಗೆ ಹಿರಿಯರ ಹೆಸರು, ಆಮೇಲೆ ಜೋಡಿಗಳು. ಒಂದನೇ ನಂಬರಿನ ಕುಸ್ತಿ ಯಾರ ಮೇಲೆ ಯಾರದು, ಯಾವ ಊರಿನವರು, ಯಾವ ಗರಡಿಯವರು, ಬಹುಮಾನ ಎಷ್ಟು, ಬೆಳ್ಳಿ ಕಡಗ ಕೊಡುವವರು ಯಾರು, ಎಲ್ಲಾ ಅದರಲ್ಲಿರುತ್ತೆ. ಕಡೆಯ ಸಾಲು ಮಾತ್ರ ಪ್ರತಿವರ್ಷ ಅದೇ: ಪಂಚರ ತೀರ್ಮಾನವೇ ಅಂತಿಮ. ಚಹಾ ಅಂಗಡಿ ಗೋಡೆ ಮೇಲೆ, ಬಸ್ ಸ್ಟ್ಯಾಂಡಿನ ಕಂಬದ ಮೇಲೆ ಅಂಟಿಸಿದ ಈ ಕಾಗದವನ್ನ ನಾನು ಚಿಕ್ಕವನಿದ್ದಾಗ ಬರೀ ಜಾಹೀರಾತು ಅಂತ ಓದ್ತಿದ್ದೆ. ಅದೊಂದು ಕರಾರುಪತ್ರವೂ ಹೌದು ಅನ್ನೋದು ಹೋದ ವರ್ಷ ತಮ್ಮನಿಗೆ ಬಂದ ಮೆಸೇಜ್ ಓದಿದಾಗ ಹೊಳೆಯಿತು.

ತಮ್ಮ ಅಂದ್ರೆ ನನ್ನ ಕಾಕಾನ ಮಗ. ಹೆಸರು ಬೇಡ. ವಯಸ್ಸು 27. ಇಳಕಲ್‌ನಲ್ಲಿ ಗ್ರಾನೈಟ್ ಪಾಲಿಶ್ ಮಾಡೋ ಕಡೆ ಕೆಲಸ. ಇಳಕಲ್ ಅಂದ ಕೂಡಲೇ ಎಲ್ಲರಿಗೂ ಸೀರೆ ನೆನಪಾಗುತ್ತೆ, ಆದರೆ ಅಲ್ಲಿನ ಕೆಂಪು ಕಲ್ಲೂ ದೇಶ ದಾಟಿ ಹೋಗುತ್ತೆ. ತಮ್ಮ ಹನ್ನೆರಡನೇ ವಯಸ್ಸಿಗೆ ಗರಡಿಮನಿ ಸೇರಿದವನು. ಮೊದಲ ಕುಸ್ತಿಗೆ ಸಿಕ್ಕಿದ್ದು ತೆಂಗಿನಕಾಯಿ. ಆಮೇಲೆ ನೂರು ರೂಪಾಯಿ, ಐನೂರು, ಒಂದೆರಡು ಸಲ ಬೆಳ್ಳಿ ಕಡಗ. ಎಡಗಿವಿ ಮುದುಡಿ ಗಟ್ಟಿಯಾಗಿದೆ. ಪೈಲ್ವಾನರ ಕಿವಿ ನೋಡಿದವರಿಗೆ ಅದೇನು ಅಂತ ಗೊತ್ತಾಗುತ್ತೆ. ನನ್ನ ಆಫೀಸಿನ ಐಡಿ ಕಾರ್ಡಿಗಿಂತ ಅದು ಹೆಚ್ಚು ನಂಬಿಕೆಯ ಗುರುತು.

ಕುಸ್ತಿಯಿಂದ ಬರೋ ದುಡ್ಡು ಎಷ್ಟು ಅಂತ ಒಮ್ಮೆ ಅವನ ಜೊತೆ ಕೂತು ಲೆಕ್ಕ ಹಾಕಿದೆ. ಜಾತ್ರೆ ಸೀಸನ್ ಅಂದ್ರೆ ಹೆಚ್ಚೂಕಡಿಮೆ ಡಿಸೆಂಬರ್‌ನಿಂದ ಮೇ. ಒಳ್ಳೆ ವರ್ಷವಾದ್ರೆ ಹತ್ತು ಹನ್ನೆರಡು ಕುಸ್ತಿ, ಒಂದೊಂದಕ್ಕೆ ಎರಡು ಸಾವಿರ, ಮೂರು ಸಾವಿರ, ಅಪರೂಪಕ್ಕೆ ಐದು ಸಾವಿರ. ಬಸ್ ಚಾರ್ಜು, ಊಟ, ಜೊತೆಗೆ ಬರುವವರ ಖರ್ಚು ಕಳೆದರೆ ಉಳಿಯೋದು ಕಡಿಮೆ. ಇನ್ನು ಖುರಾಕು. ದಿನಾ ಎರಡು ಲೀಟರ್ ಹಾಲು, ತುಪ್ಪ, ಮೊಟ್ಟೆ, ಬಾದಾಮಿ. “ಬಾದಾಮಿ ಪಕ್ಕದಾಗ ಇದ್ದೀನಿ ಖರೇ, ಬಾದಾಮಿ ತಿನ್ನಾಕ ರೊಕ್ಕ ಇಲ್ಲ ನೋಡಣ್ಣಾ” ಅಂತ ಅವನೇ ನಗ್ತಾನೆ. ಮೊಣಕಾಲು ನೋವು ಶುರುವಾಗಿ ಎರಡು ವರ್ಷ ಆಯ್ತು. ಆ ಹೊತ್ತಿಗೆ ಕಾಕಾನ ಸೊಸೈಟಿ ಸಾಲ ಬಾಕಿ ಇತ್ತು, ತಂಗಿಯ ಮದುವೆ ಮಾತುಕತೆ ನಡೀತಿತ್ತು.

ಆಗ ಮೆಸೇಜ್ ಬಂತು. ಕಳಿಸಿದವನು ಯಾವುದೋ ಕುಸ್ತಿಯಲ್ಲಿ ಪರಿಚಯವಾಗಿದ್ದ ಮಧ್ಯಸ್ಥ. ಒಂದು ದೊಡ್ಡ ಊರಿನ ಹೊರಗಿನ ಫಾರ್ಮ್‌ಹೌಸ್. ಶನಿವಾರ ರಾತ್ರಿ. ಗೆದ್ದರೂ ಸೋತರೂ 40 ಸಾವಿರ ನಗದು. ಲೊಕೇಶನ್ ಮೂರು ತಾಸು ಮೊದಲು ಕಳಿಸ್ತಾರೆ. ಮೊಬೈಲ್ ಗೇಟಿನಲ್ಲೇ ಕೊಡಬೇಕು. ಮಣ್ಣಲ್ಲ, ಮ್ಯಾಟ್. ಕುಸ್ತಿ ಪಟ್ಟಿನ ಜೊತೆ ಹೊಡೆತವೂ ನಡೆಯುತ್ತೆ, ನಿಯಮ ಅಲ್ಲೇ ಹೇಳ್ತಾರೆ. ಎದುರಾಳಿ ಯಾರು ಅಂತ ಕೇಳಬಾರದು. ಯಾರಿಗೂ ಹೇಳಬಾರದು.

ಅವನು ಅದನ್ನ ನನಗೆ ಫಾರ್ವರ್ಡ್ ಮಾಡಿ ಫೋನ್ ಹಚ್ಚಿದ. “ಅಣ್ಣಾ, ಇದು ಖರೇನೋ ಸುಳ್ಳೋ, ನೀ ಇಂಟರ್‌ನೆಟ್‌ನ್ಯಾಗ ನೋಡಿ ಹೇಳು.” ನಮ್ಮ ಮನೇಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಪ್ರಿಂಟರ್ ರಿಪೇರಿಯಿಂದ ಪಹಣಿ ತನಕ ಎಲ್ಲಾ ನೋಡಿ ಹೇಳುವವನು. ಆದರೆ ಈ ಸಲ ಅವನು ಕೇಳಿದ್ದು ಸಣ್ಣ ಪ್ರಶ್ನೆ ಆಗಿರಲಿಲ್ಲ. 40 ಸಾವಿರ ಅಂದ್ರೆ ಅವನಿಗೆ ಎರಡು ಸೀಸನ್ನಿನ ಉಳಿಕೆ. ಒಂದು ವಾರ ರಾತ್ರಿ ಕೂತು ಓದಿದೆ. ಆ ಓದಿನಲ್ಲಿ ಸಿಕ್ಕಿದ್ದನ್ನೇ ಇಲ್ಲಿ ಹಂಚಿಕೊಳ್ತಿದ್ದೀನಿ.

ಗುಟ್ಟಿನ ಕಾಳಗ ಹೊಸದಲ್ಲ. ಇಂಗ್ಲೆಂಡಿನಲ್ಲಿ ಹಣಕ್ಕಾಗಿ ಬರಿಗೈಯಲ್ಲಿ ಗುದ್ದಾಡೋದು ಕಾನೂನಿಗೆ ವಿರುದ್ಧ ಇದ್ದ ಕಾಲದಲ್ಲಿ, ಪೊಲೀಸರಿಗೆ ಗೊತ್ತಾಗದ ಹಾಗೆ ಜಾಗವನ್ನ ಕಡೆ ಗಳಿಗೆವರೆಗೂ ಮುಚ್ಚಿಡ್ತಿದ್ದರು. 1860ರ ಏಪ್ರಿಲ್ 17ರಂದು ಟಾಮ್ ಸೇಯರ್ಸ್ ಮತ್ತು ಅಮೆರಿಕದ ಜಾನ್ ಹೀನನ್ ನಡುವೆ ನಡೆದ ಕಾಳಗಕ್ಕೆ ಜನ ಲಂಡನ್ ಬ್ರಿಡ್ಜ್ ಸ್ಟೇಷನ್ನಿನಿಂದ ನಸುಕಿನಲ್ಲಿ ವಿಶೇಷ ರೈಲು ಹತ್ತಿದರು. ಟಿಕೆಟ್ ಮೇಲೆ ಊರಿನ ಹೆಸರೇ ಇರಲಿಲ್ಲ, ‘ಎಲ್ಲಿಗೂ ಇಲ್ಲ’ ಅಂತ ಇತ್ತು. ಇವತ್ತಿನ ‘ಲೊಕೇಶನ್ ಆಮೇಲೆ ಕಳಿಸ್ತೀವಿ’ ಅನ್ನೋದಕ್ಕೂ ಅದಕ್ಕೂ ವ್ಯತ್ಯಾಸ ಏನಿದೆ ಹೇಳಿ. ರೈಲು ಹೋಗಿ ನಿಂತಿದ್ದು ಫಾರ್ನ್‌ಬರೋ ಅನ್ನೋ ಊರಲ್ಲಿ.

ಹೀನನ್ ಆರಡಿ ಮೀರಿದ ಆಳು, ಸೇಯರ್ಸ್‌ಗಿಂತ ಸುಮಾರು 20 ಕೆಜಿ ಹೆಚ್ಚು ತೂಕ. ತೂಕದ ವಿಭಾಗ ಅನ್ನೋದು ಆಗ ಇರಲಿಲ್ಲ. ಸೇಯರ್ಸ್‌ನ ಬಲಗೈ ಶುರುವಿನಲ್ಲೇ ಪೆಟ್ಟು ತಿಂದು ಕೆಲಸಕ್ಕೆ ಬಾರದಂತಾಯ್ತು. ಆದರೂ ಎರಡು ತಾಸಿಗೂ ಹೆಚ್ಚು ಹೊತ್ತು ಗುದ್ದಾಟ ನಡೀತು. ಕಡೆಗೆ ಜನ ಕಣಕ್ಕೆ ನುಗ್ಗಿ ಎಲ್ಲಾ ಗೊಂದಲವಾಗಿ ಸಮ ಅಂತ ಘೋಷಿಸಿದರು. ಆಮೇಲೆ ಅಭಿಮಾನಿಗಳು 3,000 ಪೌಂಡ್ ಚಂದಾ ಎತ್ತಿ ಸೇಯರ್ಸ್‌ಗೆ ಕೊಟ್ಟರು, ಇನ್ನು ಮುಂದೆ ಕಾಳಗಕ್ಕೆ ಇಳಿಯಬಾರದು ಅನ್ನೋ ಷರತ್ತಿನ ಮೇಲೆ. 1865ರಲ್ಲಿ ಅವನು ತೀರಿಕೊಂಡಾಗ ವಯಸ್ಸು 39. ಇಷ್ಟೆಲ್ಲಾ ನಮಗೆ ಗೊತ್ತಿರೋದು ಯಾಕಂದ್ರೆ ಅದು ಹೆಸರಿಗಷ್ಟೇ ಗುಟ್ಟು. ಪತ್ರಕರ್ತರು ಬಂದಿದ್ದರು, ದೊಡ್ಡ ಮನುಷ್ಯರು ಬಂದಿದ್ದರು, ಮರುದಿನ ಪೇಪರಿನಲ್ಲಿ ಬಂತು. ಚಂದಾ ಎದ್ದಿದ್ದೂ ಅದಕ್ಕೇ.

ಹಿಂಸೆ ಇದ್ದಲ್ಲೆಲ್ಲಾ ಗುಟ್ಟು ಇರಬೇಕು ಅಂತೇನಿಲ್ಲ. ನಮ್ಮದೇ ಮೈಸೂರಿನ ವಜ್ರಮುಷ್ಟಿ ಕಾಳಗ ನೋಡಿ. ವಿಜಯದಶಮಿಯ ದಿನ ಅರಮನೆ ಅಂಗಳದಲ್ಲಿ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ಮೊನೆಯ ಆಯುಧ ಧರಿಸಿ ಎದುರಾಗ್ತಾರೆ. ಕೇಳೋಕೆ ಕುಸ್ತಿಗಿಂತ ಭಯಂಕರ. ಆದರೆ ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಮುಗೀತು. ಉಸ್ತಾದರು ಪಕ್ಕದಲ್ಲೇ ನಿಂತಿರ್ತಾರೆ, ತಕ್ಷಣ ಬಿಡಿಸ್ತಾರೆ. ಹೆಚ್ಚಿನ ವರ್ಷ ಒಂದು ನಿಮಿಷವೂ ಹಿಡಿಯೋದಿಲ್ಲ. ಯಾವ ಊರಿನ ಜೆಟ್ಟಿ ಯಾರ ಮೇಲೆ ಅನ್ನೋದು ಮೊದಲೇ ಪೇಪರಿನಲ್ಲಿ ಬಂದಿರುತ್ತೆ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ನೋಡೋಕೆ ಬಂದ ಮಗುವಿಗೂ ಗೊತ್ತಿರುತ್ತೆ.

ನಿಲ್ಲಿಸೋರು, ನೋಡಿಕೊಳ್ಳೋರು ಸರಿಯಾಗಿ ಇಲ್ಲದಿದ್ರೆ ಏನಾಗಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ನಾಗರಭಾವಿ ಕಡೆ ನಡೆದ ಕೆ-1 ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಒಬ್ಬ ಯುವಕ ತಲೆಗೆ ಪೆಟ್ಟು ಬಿದ್ದು ಕುಸಿದ. ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ದೂರು ಕೊಟ್ಟರು, ಪೊಲೀಸ್ ಕೇಸಾಯ್ತು. ಅವನು ಬೀಳೋ ವಿಡಿಯೋ ನಿಮ್ಮಲ್ಲೂ ಕೆಲವರು ನೋಡಿರಬಹುದು. ಅದು ಗುಟ್ಟಿನ ಪಂದ್ಯ ಆಗಿರಲಿಲ್ಲ. ಬೆಳಕಿನಲ್ಲಿ, ಕ್ಯಾಮೆರಾ ಮುಂದೆ ನಡೆದದ್ದು. ಹಾಗಾಗಿಯೇ ಪ್ರಶ್ನೆ ಕೇಳೋಕೆ ಸಾಧ್ಯವಾಯ್ತು. ಮೊಬೈಲ್‌ಗಳನ್ನೆಲ್ಲ ಗೇಟಿನಲ್ಲಿ ಕಿತ್ತುಕೊಂಡ ಜಾಗದಲ್ಲಿ ಅದೇ ಆದರೆ? ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ‘ಬೈಕಿನಿಂದ ಬಿದ್ದ’ ಅಂತ ಹೇಳಿ ಹೋಗೋಕೆ ಎಷ್ಟು ಹೊತ್ತು ಬೇಕು?

ಮುಂದಿನದು ದುಡ್ಡಿನ ಮಾತು. ತಮ್ಮನ ವಾದ ಸರಳವಾಗಿತ್ತು: “ಗೆದ್ದರೂ ಅಷ್ಟ, ಸೋತರೂ ಅಷ್ಟ. ಲುಕ್ಸಾನ ಎಲ್ಲೈತಿ?” ನಾನು ಕಾನೂನು ಓದಿದವನಲ್ಲ, ಆದರೆ ಒಂದೆರಡು ಸೆಕ್ಷನ್ ಎಲ್ಲರಿಗೂ ಅರ್ಥವಾಗೋ ಹಾಗಿವೆ. ಇಂಥ ಕಡೆ ನೋಡೋಕೆ ಬರೋರು ಸುಮ್ಮನೆ ಬರೋದಿಲ್ಲ, ಬಾಜಿ ಕಟ್ಟೋಕೆ ಬರ್ತಾರೆ. ಕುಸ್ತಿ ಆಡುವವನಿಗೆ 40 ಸಾವಿರ ಕೊಡ್ತಾರೆ ಅಂದ್ರೆ ಹೊರಗೆ ಓಡಾಡೋ ಮೊತ್ತ ಅದರ ಎಷ್ಟೋ ಪಟ್ಟು. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯೇ ಇಲ್ಲ. 23ನೇ ಸೆಕ್ಷನ್ ಪ್ರಕಾರ ಕಾನೂನಿಗೆ ವಿರುದ್ಧವಾದ ಉದ್ದೇಶ ಇಟ್ಟುಕೊಂಡು ಮಾಡಿಕೊಂಡ ಯಾವ ಒಪ್ಪಂದವೂ ನಿಲ್ಲೋದಿಲ್ಲ. ಅಂದ್ರೆ ಮಧ್ಯಸ್ಥ 40 ಸಾವಿರದ ಬದಲು ನಾಲ್ಕು ಸಾವಿರ ಕೈಗಿಟ್ಟು ನಡಿ ಅಂದರೆ, ‘ಬಾಜಿ ಕುಸ್ತಿಯ ಬಾಕಿ’ ಅಂತ ಕೋರ್ಟಿನಲ್ಲಿ ಕೇಳೋಕೆ ಬರೋದಿಲ್ಲ. ಇನ್ನು ಪೊಲೀಸರು ಬಂದರೆ ಕಾರಿನಲ್ಲಿ ಬಂದವರು ಕಾರಿನಲ್ಲೇ ಹೋಗ್ತಾರೆ. ಲಂಗೋಟದಲ್ಲಿ ನಿಂತವನು ಎಲ್ಲಿಗೆ ಹೋಗಬೇಕು?

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸ್ತು. ಕುಸ್ತಿಯಲ್ಲಿ ಒಬ್ಬರನ್ನೊಬ್ಬರು ಎತ್ತಿ ಒಗೆದರೂ ಅದು ಅಪರಾಧ ಯಾಕಾಗೋದಿಲ್ಲ? ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್, ಅಂದ್ರೆ ಹಳೇ ಐಪಿಸಿಯ 87, ಇದಕ್ಕೆ ಉತ್ತರ ಕೊಡುತ್ತೆ. 18 ದಾಟಿದ ಇಬ್ಬರು ವಿನೋದಕ್ಕಾಗಿ ಕತ್ತಿವರಸೆ ಆಡೋಕೆ ಒಪ್ಪಿದರೆ, ಆಟದ ಭರದಲ್ಲಿ ಆಗೋ ಪೆಟ್ಟಿಗೂ ಒಪ್ಪಿದ ಹಾಗೆ ಅಂತ ಅಲ್ಲಿ ಉದಾಹರಣೆ ಇದೆ. ಆದರೆ ಮೋಸದಾಟ ಇರಬಾರದು, ಸಾವು ಅಥವಾ ತೀವ್ರ ಗಾಯ ಮಾಡೋ ಉದ್ದೇಶ ಇರಬಾರದು. ಒಪ್ಪಿಗೆ ಅನ್ನೋದು ಯಾವುದಕ್ಕೆ ಅಂತ ಗೊತ್ತಿದ್ದಾಗ ಮಾತ್ರ ಒಪ್ಪಿಗೆ. ನಿಯಮ ಏನು, ಎದುರಾಳಿ ಯಾರು ಅಂತಲೇ ಹೇಳದೆ ಇದ್ದರೆ ತಮ್ಮ ಒಪ್ಪಬೇಕಾದ್ದು ಯಾವುದಕ್ಕೆ?

ಇದನ್ನೆಲ್ಲ ಹೇಳಿದಾಗ ತಮ್ಮ ಬೇರೆಯೇ ಮಾತು ತೆಗೆದ. “ಅಣ್ಣಾ, ಅವರು ಗೆಲ್ಲು ಅಂದ್ರ ಗೆಲ್ಲೂದು, ಬೀಳು ಅಂದ್ರ ಬೀಳೂದು. ಪೆಟ್ಟ ಯಾಕ ಬೀಳ್ತೈತಿ?” ಒಳ ಒಪ್ಪಂದದ ಕುಸ್ತಿ. ಹಿಂದಿ, ಮರಾಠಿಯವರು ಇದಕ್ಕೆ ನೂರಾ ಕುಸ್ತಿ ಅಂತಾರೆ. ಜಾತ್ರೆ ಕುಸ್ತಿಯಲ್ಲೂ ಇದು ಇಲ್ಲ ಅಂತ ಅಲ್ಲ. ಆದರೆ ಅಲ್ಲಿ ಹತ್ತು ನಿಮಿಷ ಇಬ್ಬರೂ ಸುಮ್ಮನೆ ಕೊರಳಿಗೆ ಕೊರಳು ಕೊಟ್ಟು ನಿಂತರೆ, ಮುಂದೆ ಕೂತ ಹಿರಿಯರೇ ಎದ್ದು ಬೈದು ಜೋಡಿ ಬಿಡಿಸ್ತಾರೆ.

ಕುಸ್ತಿಯ ಒಳ ಒಪ್ಪಂದವನ್ನ ಅಂಕಿಯಲ್ಲಿ ಹಿಡಿದ ಕಥೆ ಒಂದಿದೆ. ನಮ್ಮಂಥ ಡೇಟಾ ಮಂದಿಗೆ ಇಷ್ಟವಾಗುವಂಥದ್ದು. ಜಪಾನಿನ ಸುಮೋ ಟೂರ್ನಿಯಲ್ಲಿ ಮೇಲಿನ ದರ್ಜೆಯ ಒಬ್ಬೊಬ್ಬನಿಗೆ 15 ಪಂದ್ಯ. 8 ಗೆದ್ದರೆ ರ‍್ಯಾಂಕ್ ಏರುತ್ತೆ, ಇಲ್ಲದಿದ್ರೆ ಇಳಿಯುತ್ತೆ. ಕಡೆಯ ದಿನ 7 ಗೆದ್ದು 7 ಸೋತವನಿಗೆ ಆ ಒಂದು ಗೆಲುವೇ ಜೀವ. ಆಗಲೇ 8 ಗೆದ್ದವನಿಗೆ ಅಷ್ಟು ತುರ್ತಿಲ್ಲ. ಮಾರ್ಕ್ ಡಗ್ಗನ್ ಮತ್ತು ಸ್ಟೀವನ್ ಲೆವಿಟ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಹನ್ನೊಂದು ವರ್ಷದ ಫಲಿತಾಂಶ ಕೂಡಿಸಿ ನೋಡಿ 2002ರಲ್ಲಿ ಪ್ರಕಟಿಸಿದರು. ಇಂಥ ಇಬ್ಬರು ಎದುರಾದಾಗ 7-7ರವನು ಗೆಲ್ಲಬೇಕಾದ್ದು ಹಿಂದಿನ ಲೆಕ್ಕದ ಪ್ರಕಾರ ಶೇ 49ರಷ್ಟು ಸಲ. ಗೆದ್ದಿದ್ದು ಶೇ 80ರ ಹತ್ತಿರ. ಇನ್ನೂ ಮಜಾ ಅಂದ್ರೆ, ಅದೇ ಇಬ್ಬರು ಮುಂದಿನ ಸಲ ಎದುರಾದಾಗ ಹೋದ ಸಲ ಗೆದ್ದವನು ಗೆದ್ದಿದ್ದು ಶೇ 40ರಷ್ಟೇ. ಸಾಲ ತೀರಿಸಿದ ಹಾಗೆ! ಬಹಳ ಜನ ನಂಬಲಿಲ್ಲ. 2011ರಲ್ಲಿ ಬೇಸ್‌ಬಾಲ್ ಜೂಜಿನ ತನಿಖೆಗೆ ಅಂತ ಪೊಲೀಸರು ವಶಪಡಿಸಿಕೊಂಡ ಮೊಬೈಲ್‌ಗಳಲ್ಲಿ, ಹೇಗೆ ಎದುರಾಗಬೇಕು ಹೇಗೆ ಬೀಳಬೇಕು ಅನ್ನೋ ಮೆಸೇಜ್‌ಗಳೇ ಸಿಕ್ಕವು. ಆ ವರ್ಷದ ಮಾರ್ಚ್ ಟೂರ್ನಿ ರದ್ದಾಯ್ತು. 1946ರ ನಂತರ ಹಾಗೆ ಆಗಿದ್ದು ಅದೇ ಮೊದಲು.

ಅಲ್ಲಿ ಪ್ರತಿ ಫಲಿತಾಂಶವೂ ದಾಖಲಾಗಿತ್ತು, ಅದಕ್ಕೇ ಸಿಕ್ಕಿಬಿದ್ದರು. ದಾಖಲೆಯೇ ಇಲ್ಲದ ಕಡೆ ಮೋಸ ಹೋದವನಿಗೆ ಮೋಸ ಹೋದೆ ಅಂತ ತೋರಿಸೋ ದಾರಿಯೂ ಇಲ್ಲ. ಬೀಳು ಅಂತ ನಿನಗೆ ಹೇಳಿದ್ದಾರೆ ಸರಿ, ಆದರೆ ಆ ಮಾತು ಎದುರಿನವನಿಗೆ ಹೇಳಿದ್ದಾರೆ ಅಂತ ಏನು ಗ್ಯಾರಂಟಿ?

ಒಪ್ಪಂದದ ಕುಸ್ತಿಯೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಾವೆಲ್ಲ ಟೀವಿ ಮುಂದೆ ಕೂತು ಡಬ್ಲ್ಯೂಡಬ್ಲ್ಯೂಇ ನೋಡಿ, ಟ್ರಂಪ್ ಕಾರ್ಡ್ ಆಡಿ ಬೆಳೆದವರೇ. ಆ ಕಂಪನಿಯವರು 1989ರಲ್ಲೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ಇದು ಸ್ಪರ್ಧೆಯಲ್ಲ ಮನರಂಜನೆ ಅಂತ ಒಪ್ಪಿಕೊಂಡಿದ್ದರು. ಕ್ರೀಡಾ ಆಯೋಗದ ಲೈಸೆನ್ಸು, ತೆರಿಗೆ ತಪ್ಪಿಸೋಕೆ ಅಂತ ಮಾಡಿದ್ದು ನಿಜ. ಆದರೂ ಹೇಳಿ ಮಾಡಿದರು. ನಾಟಕ ಅಂತ ಹೇಳಿ ಮಾಡಿದರೆ ಅದು ನಾಟಕ, ಬನಶಂಕರಿಯಲ್ಲಿ ಟಿಕೆಟ್ ತಗೊಂಡು ನೋಡ್ತೀವಲ್ಲ ಹಾಗೆ.

ಇಷ್ಟಾದರೂ ತಮ್ಮನ ಸಾಲ ಹಾಗೇ ಇತ್ತು. ಬೆಂಗಳೂರಿನಲ್ಲಿ ಎಸಿ ಕೆಳಗೆ ಕೂತು ‘ಬೇಡ’ ಅನ್ನೋದು ನನಗೆ ಸುಲಭ. ಅದಕ್ಕೇ ಅವನ ವಸ್ತಾದರನ್ನ ಕೇಳೋಣ ಅಂದೆ. ಎಪ್ಪತ್ತು ದಾಟಿದ ಅಜ್ಜ. ನಾವಿಬ್ಬರೂ ವಿಡಿಯೋ ಕಾಲಿನಲ್ಲಿ ಎಲ್ಲಾ ಹೇಳಿದ್ವಿ. ಅವರು ಬೈತಾರೆ ಅಂದುಕೊಂಡಿದ್ದೆ, ಬೈಲಿಲ್ಲ. “ರೊಕ್ಕದ ಅಡಚಣಿ ಐತಿ, ನನಗೂ ಗೊತ್ತೈತಿ ಮಗನ. ಹೋಗಬ್ಯಾಡ ಅಂತ ನಾ ಅನ್ನಂಗಿಲ್ಲ. ನಾಕ ಮಾತ ಕೇಳು ಅವರನ್ನ. ಜೋಡ್ ಯಾರು, ತೂಕ ಎಷ್ಟು? ಪಂಚರು ಯಾರು? ಕೈಕಾಲು ಮುರದ್ರ ಡಾಕ್ಟರ್ ಯಾರು? ನಿನ್ನ ಸಂಗಾಟ ನಾ ಬರಬಹುದೋ ಇಲ್ಲೋ? ನಾಕಕ್ಕೂ ಜವಾಬು ಬಂದ್ರ ನಾನೂ ಬರ್ತೀನಿ ನಡಿ.”

ನಾನು ಒಂದು ವಾರ ಓದಿದ್ದನ್ನ ಆ ಅಜ್ಜ ಒಂದು ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ಹ್ಯಾಂಡ್‌ಬಿಲ್ ಮೇಲೆ ಇರೋದೂ ಹೆಚ್ಚೂಕಡಿಮೆ ಅದೇ ತಾನೇ. ಜೋಡಿ, ಪಂಚರು, ಊರು, ಗರಡಿ.

ತಮ್ಮ ನಾಲ್ಕೂ ಪ್ರಶ್ನೆ ಕಳಿಸಿದ. ಒಂದು ತಾಸು ಬಿಟ್ಟು ಉತ್ತರ ಬಂತು: 50 ಮಾಡ್ತೀವಿ, ಪ್ರಶ್ನೆ ಬೇಡ. ತಮ್ಮ ಆ ಮೆಸೇಜನ್ನೂ ನನಗೆ ಫಾರ್ವರ್ಡ್ ಮಾಡಿದ. ಕೆಳಗೆ ಏನೂ ಬರೆದಿರಲಿಲ್ಲ. ಮರುದಿನ ಬೆಳಗ್ಗೆ ಫೋನ್ ಮಾಡಿ, “ಹತ್ತ ಸಾವಿರ ಹೆಚ್ಚ ಮಾಡಿದ್ರಲ್ಲಾ ಅಣ್ಣಾ, ಆವಾಗ ಅಂಜಿಕಿ ಬಂತು” ಅಂದ. ಹೋಗಲಿಲ್ಲ.

ಹೋಗದೆ ಇದ್ದಿದ್ದಕ್ಕೆ ಏನೂ ಬಹುಮಾನ ಸಿಗಲಿಲ್ಲ ಅನ್ನೋದನ್ನೂ ಹೇಳಬೇಕು. ಸೊಸೈಟಿಯವರ ನೋಟಿಸ್ ಬಂತು. ಮನೆಯ ಒಂದು ಎಮ್ಮೆ ಮಾರಿದರು. ತಂಗಿಯ ಮದುವೆ ಒಂದು ವರ್ಷ ಮುಂದೆ ಹೋಯ್ತು. ತಮ್ಮ ಈಗ ಗರಡಿಯಲ್ಲಿ ಬೆಳಗಿನ ಹೊತ್ತು ಹತ್ತು ಹದಿನೈದು ಹುಡುಗರಿಗೆ ಕಲಿಸ್ತಾನೆ. ಅದರಿಂದ ಬರೋದು ಅವನ ಹಾಲಿನ ಖರ್ಚಿಗೆ ಸಾಲುತ್ತೆ ಅಷ್ಟೇ.

ಕುಸ್ತಿ ಆಡಿ ಸಾಲ ತೀರಿಸಿದವರೂ ಇದ್ದಾರೆ. ನಮ್ಮಿಂದ ತೀರ ದೂರದವರಲ್ಲ, ಮಹಾರಾಷ್ಟ್ರದ ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗೋಕೆ ಅವರ ಹತ್ತಿರ ದುಡ್ಡಿರಲಿಲ್ಲ. ಊರವರು ಚಂದಾ ಎತ್ತಿದರು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನೆ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. ಜಾಧವ್ ಕಂಚು ಗೆದ್ದು ಬಂದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಆಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕುಸ್ತಿ ಪಂದ್ಯ ಏರ್ಪಡಿಸಿ ಬಂದ ದುಡ್ಡಿನಲ್ಲಿ ಪ್ರಿನ್ಸಿಪಾಲರ ಮನೆ ಬಿಡಿಸಿಕೊಟ್ಟಿದ್ದು. ಎಲ್ಲರ ಎದುರು, ಹೆಸರು ಹಾಕಿಸಿ ಆಡಿದ ಕುಸ್ತಿ. ಆದರೂ ಸರ್ಕಾರದ ಅರ್ಜುನ ಪ್ರಶಸ್ತಿ ಬಂದಿದ್ದು ಅವರು 1984ರಲ್ಲಿ ಅಪಘಾತದಲ್ಲಿ ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ. ಇಂಥವರಿಗೇ ಹೀಗಾದರೆ ಜಾತ್ರೆ ಪೈಲ್ವಾನರ ಪಾಡು ಕೇಳೋದೇ ಬೇಡ.

ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ ರೋಮನ್ 55 ಕೆಜಿ ವಿಭಾಗದಲ್ಲಿ ಕಂಚು ಗೆದ್ದರು. ತಮ್ಮನ ಗರಡಿಯ ಹುಡುಗರಿಗೆ ಆ ಹೆಸರು ಗೊತ್ತು. ತೂಕ ನೋಡಿ ಆಡಿಸೋ ಕುಸ್ತಿಯಲ್ಲಿ 55 ಕೆಜಿಯವನೂ ದೊಡ್ಡ ಪೈಲ್ವಾನ್ ಆಗಬಹುದು ಅಂತಲೂ ಗೊತ್ತಾಗಿದೆ.

ಬಾದಾಮಿಗೆ ಟ್ರಿಪ್ ಹೋದವರು ಮೇಣಬಸದಿ ನೋಡಿ, ಕೋತಿಗಳ ಜೊತೆ ಜಗಳ ಮಾಡಿ ವಾಪಸ್ ಬರ್ತೀರಿ. ಮುಂದಿನ ಸಲ ಕೆರೆ ಆಚೆ ಬಂಡೆ ಮೇಲಿರೋ ಕಪ್ಪೆ ಅರಭಟ್ಟನ ಶಾಸನವನ್ನೂ ನೋಡಿ. ಕನ್ನಡದ ತ್ರಿಪದಿ ಸಿಗೋ ಅತ್ಯಂತ ಹಳೆಯ ಶಾಸನಗಳಲ್ಲಿ ಅದೊಂದು, ಸುಮಾರು ಕ್ರಿ.ಶ. 700ರದ್ದು. ಅದರಲ್ಲಿ ಇರೋದು ರಾಜನ ವಂಶಾವಳಿಯಲ್ಲ, ಅರಭಟ್ಟ ಅನ್ನೋ ಒಬ್ಬ ವೀರನ ಸ್ವಭಾವ. ಯಾರಿಗೆ ಹೇಗಿದ್ದ ಅನ್ನೋದು. ಹೋರಾಡಿದವನ ಹೆಸರನ್ನ ಊರೆಲ್ಲ ಓದೋ ಹಾಗೆ ಬರೆದಿಡೋದು ನಮ್ಮ ಕಡೆ ಅಷ್ಟು ಹಳೇ ಪದ್ಧತಿ.

ಈ ಅಂಕಣ ಓದೋ ಹೆಚ್ಚಿನವರು ಊರು ಬಿಟ್ಟು ಬಂದು ನನ್ನ ಹಾಗೆ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಇರೋರು. ಊರ ಗ್ರೂಪಿನಲ್ಲಿ ಜಾತ್ರೆ ಪಟ್ಟಿ ಬಂದಾಗ 500 ರೂಪಾಯಿ ಗೂಗಲ್ ಪೇ ಮಾಡಿ ಸುಮ್ಮನಾಗ್ತೀವಿ. ಈ ವರ್ಷ ಕೊಡೋವಾಗ ಒಂದು ಮಾತು ಸೇರಿಸಿ: ಇದು ಕುಸ್ತಿ ಬಹುಮಾನಕ್ಕೆ. ಇನ್ನೊಂದು ಕೇಳಿ: ಕಣದ ಹತ್ತಿರ ಡಾಕ್ಟರ್ ಇರ್ತಾರಾ? ನಮ್ಮೂರಲ್ಲಿ ನಾವು ಎಂಟು ಜನ ಗೆಳೆಯರು ಸೇರಿ ಹೋದ ಸಲ ಇದನ್ನ ಮಾಡಿದ್ವಿ. ಎರಡನೇ ನಂಬರಿನ ಕುಸ್ತಿಗೆ ಬಹುಮಾನ 15 ಸಾವಿರ ಆಯ್ತು, ಪಕ್ಕದ ಊರಿನ ಒಬ್ಬ ಡಾಕ್ಟರ್ ಫೀಸ್ ಇಲ್ಲದೆ ಬಂದು ಕೂತರು. ದೊಡ್ಡ ಸುಧಾರಣೆ ಏನಲ್ಲ. ಆದರೆ ಮೂರು ತಾಸು ಮೊದಲು ಲೊಕೇಶನ್ ಕಳಿಸುವವನ ಎದುರು, ಆಡುವವನಿಗೆ ಇನ್ನೊಂದು ಆಯ್ಕೆ ಇರುತ್ತೆ.

ಆ ಶನಿವಾರ ತಮ್ಮನ ಬದಲು ಬೇರೆ ಯಾರೋ ಹೋಗಿರ್ತಾರೆ. ಅವನಿಗೂ ಮನೆಯಲ್ಲಿ ಒಂದು ಸಾಲ ಇದ್ದಿರಬೇಕು. ಗೆದ್ದನಾ, ಸೋತನಾ, ನಡೆದುಕೊಂಡು ಮನೆಗೆ ಬಂದನಾ ಅಂತ ತಮ್ಮ ಆಮೇಲೆ ನಾಲ್ಕಾರು ಗರಡಿಗಳಲ್ಲಿ ಕೇಳಿ ನೋಡಿದ. ಯಾರೂ ಏನೂ ಹೇಳಲಿಲ್ಲ.